ಕಾಲಪಲ್ಲಟದ ಕಾದಂಬರಿ

ಘಟನೆಗಳನ್ನು ನಡೆದ ಕ್ರಮದಲ್ಲಿ ಹೇಳದೆ ಹಿಂದಕ್ಕೂ ಮುಂದಕ್ಕೂ ಸರಿಯುತ್ತ, ಎಲ್ಲವೂ ಈಗಲೇ ಕಣ್ಣೆದುರು ನಡೆಯುತ್ತಿದೆ ಎನ್ನಿಸುವ ಕಾದಂಬರಿ ಬಗೆ.

ತಂತ್ರ ಮಾತ್ರ ಕಾದಂಬರಿಗಿಂತ ಬಹಳ ಹಳೆಯದು. ಹೋಮರನ 'ಒಡಿಸ್ಸಿ'ಯ 19ನೆಯ ಭಾಗದಲ್ಲಿ ವೇಷ ಮರೆಸಿಕೊಂಡು ಬಂದ ಒಡಿಸ್ಯೂಸನ ಕಾಲು ತೊಳೆಯುವ ಮುದಿ ದಾದಿ ಹಳೆಯ ಗಾಯದ ಕಲೆಯಿಂದ ಅವನ ಗುರುತು ಹಿಡಿಯುತ್ತಾಳೆ. ಅಲ್ಲಿಗೇ ಕಥೆ ಅವನ ಎಳೆಯ ವಯಸ್ಸಿನ ಹಂದಿಬೇಟೆಗೆ ಹೊರಳುತ್ತದೆ. ಬೇಟೆ ಮುಗಿಯುವತನಕ ದಾದಿಯ ನೆನಪೇ ನಮಗಿರುವುದಿಲ್ಲ ಎಂದು 'ಮಿಮೆಸಿಸ್' (1946) ಗ್ರಂಥದ ಮೊದಲ ಅಧ್ಯಾಯದಲ್ಲಿ ವಿಮರ್ಶಕ ಎರಿಕ್ ಔರ್‌ಬಾಖ್ ತೋರಿಸಿಕೊಟ್ಟ. ಅದೇ ಗ್ರಂಥದ ಕೊನೆಯ ಅಧ್ಯಾಯ ವರ್ಜೀನಿಯಾ ವುಲ್ಫ್‌ಳನ್ನು ಕುರಿತದ್ದು.

ಆಕೆಯ 'ಟು ದಿ ಲೈಟ್‌ಹೌಸ್' (1927) ಒಂದು ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಪುಟಗಳನ್ನು ಕೊಟ್ಟು, ನಂತರದ ಹತ್ತು ವರ್ಷಗಳನ್ನು ಕೆಲವೇ ಪುಟಗಳಲ್ಲಿ ದಾಟಿಬಿಡುತ್ತದೆ. ಮನೆಯೊಡತಿಯ ಸಾವಿಗೆ ಸಿಗುವುದು ಆವರಣದೊಳಗಿನ ಒಂದೇ ವಾಕ್ಯ. ನಿಧಾನವಾಗಿ ಬದುಕಿದ ಆ ಮೊದಲ ದಿನದಿಂದಾಗಿಯೇ ಈ ಆತುರ ಓದುಗನನ್ನು ಇರಿಯುತ್ತದೆ.

ಅತ್ಯಂತ ದಿಟ್ಟ ಪ್ರಯೋಗ ವಿಲಿಯಂ ಫಾಕ್ನರನ 'ದಿ ಸೌಂಡ್ ಅಂಡ್ ದಿ ಫ್ಯೂರಿ' (1929). ಅದರ ಮೊದಲ ಭಾಗವನ್ನು ಹೇಳುವ ಬೆಂಜಿ 33 ತುಂಬಿದ, ಬುದ್ಧಿ ಬೆಳೆಯದ ಮನುಷ್ಯ. ಮನೆತನದ ಮಾರಿಹೋದ ಹುಲ್ಲುಗಾವಲು ಈಗ ಗಾಲ್ಫ್ ಮೈದಾನ. ಆಟಗಾರರು 'ಕ್ಯಾಡಿ' ಎಂದು ಆಳನ್ನು ಕೂಗಿದರೆ ಬೆಂಜಿ ಗೋಳಿಡುತ್ತಾನೆ: ಮನೆ ಬಿಟ್ಟುಹೋದ ಅವನ ಅಕ್ಕನ ಹೆಸರೂ ಅದೇ. ಅವನಿಗೆ ಅಂದು, ಇಂದು ಎಂಬ ಭೇದವಿಲ್ಲ. 'ಬಹಳ ಹಿಂದೆ' ಎಂದು ಹೇಳುವ ನಿರೂಪಕ ಇಲ್ಲದ್ದರಿಂದ ನಮಗೂ ಇಲ್ಲ. ಕಾಲಗಳನ್ನು ಬಣ್ಣದ ಶಾಯಿಗಳಲ್ಲಿ ಅಚ್ಚುಹಾಕಿಸುವ ಆಸೆ ಫಾಕ್ನರನಿಗಿತ್ತು. 2012ರಲ್ಲಿ ಲಂಡನ್ನಿನ ಫೋಲಿಯೊ ಸೊಸೈಟಿ ಅದನ್ನು ಈಡೇರಿಸಿತು. ಓದು ಸುಲಭವಾಯಿತು, ದಿಕ್ಕು ತಪ್ಪಿಸುವ ಮೂಲದ ಬಿಗಿ ಸ್ವಲ್ಪ ಸಡಿಲವಾಯಿತು ಎನ್ನಬೇಕು.

ಯುದ್ಧಕೈದಿಯಾಗಿ ಡ್ರೆಸ್ಡನ್ ನಗರದ ಮೇಲಿನ 1945ರ ಬಾಂಬ್ ದಾಳಿಯಲ್ಲಿ ಬದುಕುಳಿದ ಕರ್ಟ್ ವಾನೆಗಟ್, ಅದನ್ನು ಬರೆದದ್ದು ಕಾಲದ ಹಿಡಿತ ತಪ್ಪಿದ ನಾಯಕನ ಮೂಲಕ (1969). ಆಕ್ಟೇವಿಯಾ ಬಟ್ಲರಳ 'ಕಿಂಡ್ರೆಡ್' (1979) ಇನ್ನೂ ನೇರ: 1976ರ ಕರಿಯ ಹೆಣ್ಣೊಬ್ಬಳನ್ನು ಗುಲಾಮಗಿರಿಯ ಮೇರಿಲ್ಯಾಂಡಿಗೆ ಎಳೆದೊಯ್ಯುತ್ತದೆ. ಕೊನೆಯ ಸಲ ಹಿಂತಿರುಗುವಾಗ ಅವಳು ಒಂದು ತೋಳನ್ನೇ ಕಳೆದುಕೊಳ್ಳುತ್ತಾಳೆ.

'ಕಿಂಡ್ರೆಡ್' ಬಂದ ವರ್ಷವೇ ಪ್ರಕಟವಾದ ಯಶವಂತ ಚಿತ್ತಾಲರ 'ಶಿಕಾರಿ'ಯಲ್ಲಿ ಮುಂಬಯಿಯ ಕಂಪನಿಯೊಂದರ ಸಂಚಿಗೆ ಸಿಕ್ಕ ನಾಗಪ್ಪನ ಭಯದೊಳಕ್ಕೆ ಬಾಲ್ಯ ನುಗ್ಗಿ ಬರುತ್ತದೆ. ಕನ್ನಡದಲ್ಲಿ ಈ ಬಗೆಯನ್ನು ಅರಿಯಬಯಸುವವರು ಅಲ್ಲಿಂದಲೇ ಓದು ಆರಂಭಿಸಬಹುದು.