ಹಸಿವು ಮತ್ತು ಸಹಿ

ಹಸಿವೇ ಸರ್ವಾಧಿಕಾರವನ್ನು ಹೆರುತ್ತದೆ ಎಂಬ ಮಾತನ್ನು ನಾವು ಪದೇ ಪದೇ ಕೇಳುತ್ತೇವೆ. ಮಾತು ಸುಳ್ಳಲ್ಲ, ಆದರೆ ಪೂರ್ಣಸತ್ಯವೂ ಅಲ್ಲವೆಂದು ನನ್ನ ಎಣಿಕೆ. ಇದಕ್ಕೆ ನಿದರ್ಶನವಾಗಿ ಜರ್ಮನಿಯ ಕಲೋನ್ ನಗರದ ಒಂದು ಬಾಲ್ಯವನ್ನು ನೆನೆಯಬಯಸುತ್ತೇನೆ. 1972ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಕಾದಂಬರಿಕಾರ ಹೈನ್ರಿಷ್ ಬೋಲ್ ಅವರ ಬಾಲ್ಯ ಅದು.

ಬೋಲ್ ಹುಟ್ಟಿದ್ದು 1917ರಲ್ಲಿ, ಮೊದಲ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗ. ತಂದೆ ಬಡಗಿ, ಇಗರ್ಜಿಗಳಿಗೆ ಮರದ ಕೆತ್ತನೆ ಮಾಡಿಕೊಡುತ್ತಿದ್ದ ಕುಶಲಕರ್ಮಿ. ಮನೆತನ ಕ್ಯಾಥೊಲಿಕ್ ಶ್ರದ್ಧೆಯದು. 1923ರ ಹಣದುಬ್ಬರದಲ್ಲಿ ನಾಣ್ಯದ ಬೆಲೆ ಎಷ್ಟು ಕುಸಿಯಿತೆಂದರೆ, ಒಂದು ಲಕ್ಷ ಕೋಟಿ ಕಾಗದದ ಮಾರ್ಕುಗಳಿಗೆ ಒಂದು ಹೊಸ ಮಾರ್ಕು ಸಮವಾಯಿತು. ಕೆಲಸಗಾರರ ಕೂಲಿಯ ಹಣವನ್ನು ತಂದೆ ಕೈಗಾಡಿಯಲ್ಲಿ ಹೇರಿ ತರುತ್ತಿದ್ದುದನ್ನು ಬೋಲ್ ಮುಂದೆ ಬರೆದಿದ್ದಾರೆ. 1930ರಲ್ಲಿ ಆರ್ಥಿಕ ಕುಸಿತದ ಹೊಡೆತಕ್ಕೆ ಸ್ವಂತ ಮನೆಯೂ ಕೈಬಿಟ್ಟಿತು. 1932ರ ಆರಂಭದ ವೇಳೆಗೆ ಜರ್ಮನಿಯಲ್ಲಿ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷವನ್ನು ಮೀರಿತ್ತು. ಕೆಲಸ ಕಳೆದುಕೊಂಡವರ ಮಕ್ಕಳು ಶಾಲೆಯ ಬಿಡುವಿನಲ್ಲಿ ಸಹಪಾಠಿಯ ಮುಂದೆ ಒಂದು ತುಂಡು ರೊಟ್ಟಿಗೆ ಕೈಚಾಚುತ್ತಿದ್ದರು.

1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರನಾದನು. ಆಗ ಮೊದಲು ಬಾಗಿದವರು ಯಾರು? ಮಾರ್ಚ್ 23ರಂದು ಕ್ಯಾಥೊಲಿಕರ ಕೇಂದ್ರ ಪಕ್ಷವು ಅವನಿಗೆ ಶಾಸನಾಧಿಕಾರವನ್ನು ಒಪ್ಪಿಸುವ ಮಸೂದೆಗೆ ಮತವಿತ್ತಿತು. ಜುಲೈ 5ರಂದು ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಜುಲೈ 20ರಂದು ವ್ಯಾಟಿಕನ್ ಅವನ ಸರ್ಕಾರದೊಡನೆ ಒಪ್ಪಂದಕ್ಕೆ ಸಹಿ ಹಾಕಿತು. ಮತವಿತ್ತವರೂ ಸಹಿ ಹಾಕಿದವರೂ ರೊಟ್ಟಿಗೆ ಕೈಚಾಚಿದವರಲ್ಲ. ನವೆಂಬರ್ 30ರಂದು ಕಲೋನ್ ಸೆರೆಮನೆಯಲ್ಲಿ ಆರು ಮಂದಿ ಕಮ್ಯುನಿಸ್ಟರ ಶಿರಚ್ಛೇದವಾಯಿತು.

ಬಡತನವೂ ಬಾಗಿಸಿತು, ನಿಜ. ಬೋಲ್ ಕುಟುಂಬವೇ ಕೂಡಿ ಕುಳಿತು, ಹೊಟ್ಟೆಪಾಡಿಗಾಗಿ ಅಣ್ಣನನ್ನು ನಾಜಿಗಳ ಕಂದು ಅಂಗಿಯ ದಳಕ್ಕೆ ಸೇರಿಸಲು ತೀರ್ಮಾನಿಸಿತು. ಆದರೆ ಆ ಮನೆ ಅವರನ್ನು ನಂಬಲಿಲ್ಲ. ತಾಯಿ ಹಿಟ್ಲರನನ್ನು ಕರೆಯುತ್ತಿದ್ದುದು 'ಗೆಡ್ಡೆತಲೆ' ಎಂದು. 1936ರ ಡಿಸೆಂಬರಿನ ಕಾನೂನು ಹಿಟ್ಲರ್ ಯುವದಳವನ್ನು ದೇಶದ ಎಲ್ಲ ಮಕ್ಕಳ ಸಂಘಟನೆಯೆಂದು ಸಾರಿದಾಗಲೂ ಬೋಲ್ ಅದಕ್ಕೆ ಸೇರಲಿಲ್ಲ.

ಈ ನಿರಾಕರಣೆಯನ್ನು ಪವಾಡವೆಂದು ಹೊಗಳುವುದು ಬೇಡ. 1939ರಲ್ಲಿ ಅವರೂ ಸೈನ್ಯದ ಸಮವಸ್ತ್ರ ತೊಡಬೇಕಾಯಿತು. ಯುದ್ಧ ಮುಗಿಯುವವರೆಗೂ ಅದು ಮೈಮೇಲಿತ್ತು. ಆದರೂ ಒಂದು ಮಾತು ಉಳಿಯುತ್ತದೆ. ಹಸಿದವನು ತುತ್ತಿಗಾಗಿ ತಲೆಬಾಗಿದ್ದನ್ನು ಚರಿತ್ರೆ ಬಹುಬೇಗ ಬರೆದಿಡುತ್ತದೆ. ಹೊಟ್ಟೆ ತುಂಬಿದವನು ಅದಕ್ಕೂ ಮೊದಲೇ ಹಾಕಿದ ಸಹಿಯನ್ನು ನಾವೇ ಹುಡುಕಿ ಓದಬೇಕಾಗುತ್ತದೆ.