ಬಡಿಸುವವರ ಎಲೆ

ಬೇಸಿಗೆಯ ಸಂಜೆ ನಾಲ್ಕು ಮಂದಿ ನೆಂಟರು ಬಂದರೆ ಪಾನಕ, ಕೋಸಂಬರಿ, ಮೊಸರನ್ನ. ಔತಣಕ್ಕೆ ಅಷ್ಟೇ ಸಾಕು. ಆದರೆ ಈ ರುಚಿಯ ವಂಶಾವಳಿ ದೊಡ್ಡದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗ, ಪಾನೀಯಭೋಗಗಳೆಂಬ ಭಾಗಗಳೇ ಇವೆ, ಉದ್ದಿನ ‘ಇಡ್ಡರಿಕಾ’ ಕೂಡ ಅಲ್ಲುಂಟು. 16ನೆಯ ಶತಮಾನದ ಮೂರನೆಯ ಮಂಗರಸನು ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಹಾಡಿದ.

ಉಂಡ ಅರಸರನ್ನು ಬಲ್ಲ ಚರಿತ್ರೆ, ಮನೆಮನೆಯಲ್ಲಿ ಬಡಿಸಿದವರು ಯಾವಾಗ ಉಂಡರೆಂದು ಹೇಳದು. ನಮ್ಮಮ್ಮನದು ಸದಾ ಕೊನೆಯ ಪಂಕ್ತಿ. ಒಮ್ಮೆ ಬೇಸಿಗೆ ರಜೆಯಲ್ಲಿ ತಂದೆಯವರು ನಮ್ಮೆಲ್ಲರನ್ನೂ ಹೋಟೆಲಿಗೆ ಕರೆದೊಯ್ದರು. ಮಾಣಿ ಮೊದಲ ತಟ್ಟೆಯನ್ನು ಅಮ್ಮನ ಮುಂದಿಟ್ಟ. ಅಭ್ಯಾಸಬಲದಿಂದ ಅಮ್ಮ ಅದನ್ನು ನನ್ನತ್ತ ಸರಿಸಿದಳು. ತಂದೆಯವರು ಅದನ್ನು ಮತ್ತೆ ಅವಳ ಮುಂದಿಟ್ಟು, “ಬಿಸಿಯಿದೆ, ನೀನು ತಿನ್ನು” ಎಂದರು.

ಈಗ ನಮ್ಮ ಮನೆಗೆ ಅತಿಥಿಗಳು ಬಂದಾಗ ಬಡಿಸುವವರ ಎಲೆಯೂ ಮೊದಲ ಪಂಕ್ತಿಯಲ್ಲೇ ಬೀಳುತ್ತದೆ.