‘ಲೋಕಮಾನ್ಯ’ರೂ ಬೆಳಗಾವಿಯ ಲೋಕವೂ: ಟಿಳಕರನ್ನು ಕುರಿತ ಜನಾಭಿಪ್ರಾಯದ ಒಂದು ವಿಚಾರ (1916–1924)

1. ಪೀಠಿಕೆ

ಬೆಳಗಾವಿಯ ಪೇಟೆಯನ್ನು ಹಿಂದಿಕ್ಕಿ ಖಾನಾಪುರದ ರಸ್ತೆ ಹಿಡಿದ ಪ್ರಯಾಣಿಕನು ಮೊದಲು ಟಿಳಕವಾಡಿಯನ್ನು ಹಾದು, ಬಳಿಕ ಉದ್ಯಮಬಾಗದ ಫೌಂಡ್ರಿಗಳ ಸಾಲನ್ನು ದಾಟಿ, ಪೀರನವಾಡಿಯ ನಾಕಾಕ್ಕೆ ಬಂದು ಸೇರುತ್ತಾನೆ. ಅಲ್ಲಿ ದಾರಿ ಎರಡಾಗುತ್ತದೆ: ಒಂದು ಖಾನಾಪುರದ ಕಡೆಗೂ, ಸಂಗೊಳ್ಳಿ ರಾಯಣ್ಣನು 1831ರಲ್ಲಿ ಗಲ್ಲಿಗೇರಿದ ನಂದಗಡದ ಕಡೆಗೂ ಸಾಗಿದರೆ, ಇನ್ನೊಂದು ಜಾಂಬೋಟಿಯ ಅಡವಿಯನ್ನು ಹೊಕ್ಕು, ಚೋರ್ಲಾ ಘಟ್ಟವನ್ನಿಳಿದು ಗೋವೆಯನ್ನು ಮುಟ್ಟುತ್ತದೆ. ಈ ನಾಕಾದಲ್ಲಿ ರಾಯಣ್ಣನ ಪ್ರತಿಮೆ ನಿಲ್ಲಬೇಕೆಂದು ಕೆಲವರೂ, ಸ್ಥಳವು ಶಿವಾಜಿ ಮಹಾರಾಜರ ಹೆಸರಿನದೆಂದು ಇನ್ನು ಕೆಲವರೂ 2020ರ ಆಗಸ್ಟಿನಲ್ಲಿ ಹಟ ಹಿಡಿದುದೂ, ಕಡೆಗೆ ಪ್ರತಿಮೆ ರಾಯಣ್ಣನದು, ವೃತ್ತದ ಹೆಸರು ಶಿವಾಜಿಯವರದು ಎಂಬ ಒಡಂಬಡಿಕೆಯಿಂದ ವಿವಾದವು ತಣ್ಣಗಾದುದೂ ನಾಡಿಗೆ ತಿಳಿದ ಸಂಗತಿ.

ಪೀರನವಾಡಿಯ ವೃತ್ತದ ಹೆಸರಿಗಾಗಿ ಇಷ್ಟು ಜಗಳ ನಡೆದ ಇದೇ ರಸ್ತೆಯ ಆದಿಯಲ್ಲಿರುವ ಟಿಳಕವಾಡಿಯ ಹೆಸರನ್ನು ಮಾತ್ರ ಜನರು ದಿನನಿತ್ಯವೂ ವಿಳಾಸದಲ್ಲಿ ಬರೆಯುತ್ತಾರೆ; ಆ ಹೆಸರಿನ ಹಿಂದಿರುವ ವ್ಯಕ್ತಿಯನ್ನು ನೆನೆಯುವುದಿಲ್ಲ. ಬಾಳ ಗಂಗಾಧರ ಟಿಳಕರಾದರೋ ತಮ್ಮ ಜೀವಿತಕಾಲದಲ್ಲಿ ಭರತಖಂಡದ ಅತ್ಯಂತ ವಿವಾದಾಸ್ಪದ ಮುಂದಾಳುಗಳಲ್ಲಿ ಒಬ್ಬರಾಗಿದ್ದವರು; ಶಿವಾಜಿ ಉತ್ಸವವನ್ನು ಸಾರ್ವಜನಿಕ ರಾಜಕಾರಣದ ಅಂಗವನ್ನಾಗಿ ಮಾಡಿದವರೂ ಅವರೇ. ಅವರನ್ನು ಕುರಿತು ಬೆಳಗಾವಿ ಸೀಮೆಯ ಜನರು ಏನೆಂದುಕೊಂಡಿದ್ದರು, ಆ ಅಭಿಪ್ರಾಯವು ಎಲ್ಲಿ ಕೂಡಿತು, ಎಲ್ಲಿ ಒಡೆಯಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

2. ‘ಲೋಕ’ವೆಂದರೆ ಯಾರು?

ಟಿಳಕರಿಗೆ ಸಂದ ‘ಲೋಕಮಾನ್ಯ’ ಎಂಬ ಬಿರುದನ್ನು ಸರಕಾರವು ಕೊಟ್ಟುದಲ್ಲ, ಮಠವೂ ಕೊಟ್ಟುದಲ್ಲ. ಲೋಕವು ಮನ್ನಿಸಿತೆಂಬುದೇ ಅದರ ಅರ್ಥವಾದುದರಿಂದ, ಆ ಬಿರುದು ಸ್ವತಃ ಜನಾಭಿಪ್ರಾಯವನ್ನು ಕುರಿತ ಒಂದು ಪ್ರತಿಪಾದನೆಯಾಗಿದೆ. ಪ್ರತಿಪಾದನೆಯೆಂದ ಮೇಲೆ ಪ್ರಮಾಣವನ್ನು ಕೇಳುವುದು ಇತಿಹಾಸಕಾರನ ಧರ್ಮ. ಮತಗಣನೆಯಿಲ್ಲದ, ಅಕ್ಷರ ಬಲ್ಲವರು ವಿರಳರಾಗಿದ್ದ ಆ ಕಾಲದಲ್ಲಿ ಲೋಕಮತವನ್ನು ಅಳೆಯುವ ಸಾಧನಗಳು ಸ್ವಲ್ಪವೇ: ಸರಕಾರದ ಲಘುಲಿಪಿಕಾರರು ಬರೆದುಕೊಂಡ ಭಾಷಣಗಳು, ಪುಣೆಯಿಂದ ರೈಲಿನಲ್ಲಿ ಬರುತ್ತಿದ್ದ ‘ಕೇಸರಿ’ಯಂಥ ಪತ್ರಿಕೆಗಳು, ಚಳವಳಿಯಲ್ಲಿ ಪಾಲ್ಗೊಂಡವರ ಆತ್ಮಕಥನಗಳು, ಮತ್ತು ಜನರು ತಮ್ಮ ಹಣವನ್ನೂ ದುಡಿಮೆಯನ್ನೂ ಹಾಕಿ ಕಟ್ಟಿದ ಸಂಸ್ಥೆಗಳು. ಇವುಗಳಲ್ಲಿ ಕೊನೆಯದನ್ನು ನಾನು ಹೆಚ್ಚಾಗಿ ನೆಚ್ಚಿದ್ದೇನೆ. ಸಭೆಯ ಚಪ್ಪಾಳೆ ಒಂದು ಸಂಜೆಗೆ ಮುಗಿಯುತ್ತದೆ. ತಲೆಗೆ ಇಷ್ಟೆಂದು ವರ್ಗಣಿ ಕೂಡಿಸಿ ಕಟ್ಟಿದ ಶಾಲೆಯಾಗಲಿ ಸಭೆಯಾಗಲಿ ಒಂದು ಸಮುದಾಯದ ನಿಶ್ಚಿತ ಮನಸ್ಸನ್ನು ತೋರಿಸುತ್ತದೆ.

3. ವಿವಾದದ ಪೂರ್ವರಂಗ

ಬೆಳಗಾವಿಯ ವೇದಿಕೆಯನ್ನು ಏರುವ ಹೊತ್ತಿಗೆ ಟಿಳಕರ ಹೆಸರಿನೊಡನೆ ಕಾಲುಶತಮಾನದ ವಾದವಿವಾದಗಳು ಅಂಟಿಕೊಂಡಿದ್ದುವು. 1891ರ ಸಮ್ಮತಿವಯಸ್ಸಿನ ಕಾಯಿದೆಯನ್ನು ವಿರೋಧಿಸಿ ಅವರು ಸುಧಾರಕರ ಅಸಮಾಧಾನಕ್ಕೆ ಗುರಿಯಾದರು. 1897ರಲ್ಲಿ ರಾಜದ್ರೋಹದ ಆರೋಪದ ಮೇಲೆ ಹದಿನೆಂಟು ತಿಂಗಳ ಶಿಕ್ಷೆ ಪಡೆದರು. 1907ರಲ್ಲಿ ಸೂರತ್ತಿನಲ್ಲಿ ಕಾಂಗ್ರೆಸ್ಸು ಸೌಮ್ಯರು, ತೀವ್ರರು ಎಂದು ಒಡೆದಾಗ ಅವರು ತೀವ್ರರ ಅಗ್ರಣಿಯಾಗಿದ್ದರು. 1908ರಲ್ಲಿ ಆರು ವರ್ಷಗಳ ಶಿಕ್ಷೆಗೆ ಗುರಿಯಾಗಿ ಮಂಡಾಲೆಯನ್ನು ಕಂಡು, 1914ರ ಜೂನಿನಲ್ಲಿ ಮರಳಿದರು. ಆಂಗ್ಲ ಪತ್ರಕರ್ತನಾದ ವ್ಯಾಲೆಂಟೈನ್ ಚಿರೋಲನು ಅವರನ್ನು ಭಾರತದ ಅಶಾಂತಿಯ ಜನಕನೆಂದು ಕರೆದನು. ಸ್ವದೇಶದ ಪ್ರತಿಪಕ್ಷದವರು ಅವರನ್ನು ‘ತೇಲಿ-ತಾಂಬೋಳಿಗಳ ಪುಢಾರಿ’, ಅಂದರೆ ಗಾಣಿಗರ ಮತ್ತು ಎಲೆಯಡಿಕೆ ಮಾರುವವರ ನಾಯಕನೆಂದು ಹಳಿದರು. ಅನುಯಾಯಿಗಳು ಅದೇ ಹಳಿವನ್ನು ಹಾರವನ್ನಾಗಿ ಮಾಡಿ ಅವರ ಕೊರಳಿಗೆ ಹಾಕಿದರು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅಥಣಿಯಲ್ಲಿ ಇದರ ಲೆಕ್ಕ ಚುಕ್ತವಾಗುವುದಿದೆ.

ಬೆಳಗಾವಿಯಲ್ಲಿ ಟಿಳಕಪಕ್ಷದ ಆಧಾರಸ್ತಂಭವಾಗಿದ್ದವರು ಹುದಲಿಯ ಗಂಗಾಧರರಾವ ದೇಶಪಾಂಡೆಯವರು. ವತನದಾರ ಮನೆತನದಲ್ಲಿ 1871ರಲ್ಲಿ ಜನಿಸಿ, ಮುಂದೆ ‘ಕರ್ನಾಟಕ ಸಿಂಹ’ರೆನಿಸಿಕೊಂಡ ಈ ಪುರುಷರ ಮೂಲಕ ಪುಣೆಯ ರಾಜಕಾರಣವು ಬೆಳಗಾವಿಯ ವಕೀಲರ ಮನೆಗಳನ್ನೂ ಪೇಟೆಯ ಗಣೇಶೋತ್ಸವವನ್ನೂ ಹೊಕ್ಕಿತು. ಆಗಿನ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದು, ಕಚೇರಿಯಲ್ಲಿಯೂ ಪಾಠಶಾಲೆಯಲ್ಲಿಯೂ ಮರಾಠಿಯು ಪ್ರಬಲವಾಗಿದ್ದುದರಿಂದ, ಕನ್ನಡ ಜಿಲ್ಲೆಗಳನ್ನೇ ದಕ್ಷಿಣ ಮಹಾರಾಷ್ಟ್ರವೆಂದು ಕರೆಯುವ ರೂಢಿ ಬಲಿತಿದ್ದಿತು. ಆದುದರಿಂದ ಇಲ್ಲಿ ಟಿಳಕರನ್ನು ಒಪ್ಪುವುದೂ ಒಪ್ಪದಿರುವುದೂ ಬರಿಯ ಆಂಗ್ಲರ ವಿಷಯಕ್ಕೆ ಸೀಮಿತವಾಗಿರಲಿಲ್ಲ. ಭಾಷೆಯ ಪ್ರಶ್ನೆ, ಜಾತಿಯ ಪ್ರಶ್ನೆಗಳೆರಡೂ ಅದರೊಡನೆ ಹೆಣೆದುಕೊಂಡಿದ್ದುವು.

4. 1916: ಒಂದು ವರ್ಷ, ಮೂರು ಸಂಸ್ಥೆಗಳು

1916ರ ಏಪ್ರಿಲ್ ಕಡೆಯ ವಾರದಲ್ಲಿ ಮುಂಬಯಿ ಪ್ರಾಂತೀಯ ಪರಿಷತ್ತು ಬೆಳಗಾವಿಯಲ್ಲಿ ಸೇರಿತು. ಆಫ್ರಿಕದಿಂದ ಮರಳಿ ಹೆಚ್ಚು ದಿನಗಳಾಗಿರದ ಗಾಂಧಿಯವರೂ ಬಂದಿದ್ದರು. ತೀವ್ರರು ಮರಳಿ ಕಾಂಗ್ರೆಸ್ಸನ್ನು ಸೇರಬೇಕೆಂಬ ನಿರ್ಣಯವು ಆಗ ಮಂಜೂರಾಯಿತು. ಅದೇ ಸಂದರ್ಭದಲ್ಲಿ ಹೋಂರೂಲ್ ಸಂಘವು ಸ್ಥಾಪಿತವಾಗಿ, ಜೋಸೆಫ್ ಬ್ಯಾಪ್ಟಿಸ್ಟರು ಅಧ್ಯಕ್ಷರೂ ನ. ಚಿಂ. ಕೇಳಕರರು ಕಾರ್ಯದರ್ಶಿಗಳೂ ಆದರು. ಮೇ 1ರಂದು ಟಿಳಕರು ಇಲ್ಲಿ ಮಾಡಿದ ಮರಾಠಿ ಭಾಷಣವು, ಕಣ್ಣಿಗೆ ಕಾಣದ ರಾಜಸತ್ತೆ ಬೇರೆ, ಕಣ್ಣೆದುರಿನ ಅಧಿಕಾರಿವರ್ಗ ಬೇರೆ ಎಂಬ ಭೇದವನ್ನು ನಿರಾಕಾರ ಪರಬ್ರಹ್ಮದ ಮತ್ತು ಮಾಯೆಯ ದೃಷ್ಟಾಂತದಿಂದ ವಿವರಿಸಿತು. ವೇದಾಂತವನ್ನು ಪುರಾಣದ ಕಟ್ಟೆಯ ಮೇಲೆ ಕೇಳಿ ಬಲ್ಲ ಜನರಿಗೆ ರಾಜನೀತಿಯ ಸೂಕ್ಷ್ಮವನ್ನು ಮುಟ್ಟಿಸಲು ಇದಕ್ಕಿಂತ ಸುಲಭವಾದ ಹಾದಿ ಇನ್ನೊಂದಿರಲಿಲ್ಲ.

ಈ ಭಾಷಣವನ್ನೂ ಅಹಮದನಗರದ ಎರಡು ಭಾಷಣಗಳನ್ನೂ ಆಧರಿಸಿ ಸರಕಾರವು ಖಟ್ಲೆ ಹೂಡಿತು. ಟಿಳಕರಿಗೆ ಅರವತ್ತು ತುಂಬಿದ ಸಂಭ್ರಮದಲ್ಲಿ ಜನರು ಒಂದು ಲಕ್ಷ ರೂಪಾಯಿಗಳ ನಿಧಿಯನ್ನು ಅರ್ಪಿಸಿದ ದಿನವೇ ನೋಟೀಸೂ ಬಂದಿತು. ಸದ್ವರ್ತನೆಗಾಗಿ 20,000 ರೂಪಾಯಿಗಳ ಮುಚ್ಚಳಿಕೆಯನ್ನೂ ತಲಾ 10,000 ರೂಪಾಯಿಗಳ ಎರಡು ಜಾಮೀನುಗಳನ್ನೂ ಕೊಡಬೇಕೆಂದು ಪುಣೆಯ ಮ್ಯಾಜಿಸ್ಟ್ರೇಟರು ಆಜ್ಞಾಪಿಸಿದರಾದರೂ, ಜಿನ್ನಾ ಅವರ ವಾದವನ್ನು ಕೇಳಿದ ಮುಂಬಯಿ ಹೈಕೋರ್ಟು ನವೆಂಬರಿನಲ್ಲಿ ಆ ಆಜ್ಞೆಯನ್ನು ರದ್ದುಗೊಳಿಸಿತು. ಬೆಳಗಾವಿಯಲ್ಲಿ ಆಡಿದ ಮಾತು ರಾಜದ್ರೋಹವಲ್ಲವೆಂದು ಸಿದ್ಧವಾದ ಮೇಲೆ ಸ್ವರಾಜ್ಯವೆಂಬ ಶಬ್ದವನ್ನು ಗಟ್ಟಿಯಾಗಿ ಉಚ್ಚರಿಸುವ ಧೈರ್ಯವು ಸಾಮಾನ್ಯರಿಗೂ ಬಂದಿತು. ಸಂಘವು ಮರಾಠಿಯಲ್ಲಿ ಆರು, ಇಂಗ್ಲಿಷಿನಲ್ಲಿ ಎರಡು ಕಿರುಹೊತ್ತಗೆಗಳನ್ನು ಅಚ್ಚುಹಾಕಿಸಿ 47,000 ಪ್ರತಿಗಳನ್ನು ಮಾರಿತು. ಕನ್ನಡದಲ್ಲಿಯೂ ಗುಜರಾತಿಯಲ್ಲಿಯೂ ಹೊತ್ತಗೆಗಳು ಹೊರಬಂದುವು. ಕರ್ನಾಟಕಕ್ಕೆ ಪ್ರತ್ಯೇಕ ಶಾಖೆಯೇ ಇದ್ದಿತೆಂಬುದು ಗಮನಾರ್ಹ.

ಆದರೆ ಅದೇ ವರ್ಷದಲ್ಲಿ ಇನ್ನೆರಡು ಸಂಸ್ಥೆಗಳು ಹುಟ್ಟಿದುವು. ಧಾರವಾಡದಲ್ಲಿ ಆಲೂರು ವೆಂಕಟರಾಯರೂ ಅವರ ಸಂಗಡಿಗರೂ ಕನ್ನಡ ನಾಡಿನ ಏಕೀಕರಣಕ್ಕಾಗಿ ಕರ್ನಾಟಕ ಸಭೆಯನ್ನು ಸ್ಥಾಪಿಸಿದರು. ಬೆಳಗಾವಿಯಲ್ಲಿ, ಹೈಕೋರ್ಟಿನ ತೀರ್ಪು ಬಂದ ಬೆನ್ನಿಗೇ, ನವೆಂಬರ್ 13ರಂದು ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿ ಉದಯಿಸಿತು. ಈ ಮೂರನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದಾಗ ಬೆಳಗಾವಿ ಸೀಮೆಯ ‘ಲೋಕ’ವು ಒಂದಲ್ಲ, ಮೂರು ಎಂಬುದು ಸ್ಪಷ್ಟವಾಗುತ್ತದೆ: ಸ್ವರಾಜ್ಯ ಬೇಕೆಂದವರು, ಆ ಸ್ವರಾಜ್ಯದಲ್ಲಿ ಕನ್ನಡಕ್ಕೆ ಮನೆ ಬೇಕೆಂದವರು, ಆ ಮನೆಯ ಹೊಸ್ತಿಲನ್ನು ದಾಟಲು ಮೊದಲು ಮಕ್ಕಳಿಗೆ ವಿದ್ಯೆ ಬೇಕೆಂದವರು.

ಎರಡನೆಯ ಲೋಕದೊಡನೆ ಟಿಳಕರ ಸಂಬಂಧವು ಹಿತಕರವಾಗಿಯೇ ಇದ್ದಿತು. 1915ರ ಪ್ರಾಂತೀಯ ಪರಿಷತ್ತಿನಲ್ಲಿ ಗೋಖಲೆಯವರ ನಿಧನಕ್ಕೆ ಸಂತಾಪ ಸೂಚಿಸುವ ನಿರ್ಣಯವನ್ನು ಅನುಮೋದಿಸಲು ಆಲೂರರು ಎದ್ದು ನಿಂತಾಗ, ಕನ್ನಡದ ಹಕ್ಕು ಸ್ಥಾಪಿತವಾಗುವಂತೆ ಕನ್ನಡದಲ್ಲಿಯೇ ಮಾತನಾಡಿರೆಂದು ಸೂಚಿಸಿದವರು ಟಿಳಕರು. ಅವರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದವರು ಅದೇ ಆಲೂರರು. ಶಿವಾಜಿಯು ಮರಾಠರಿಗೆ ಮಾತ್ರ ಸಲ್ಲುವವನಲ್ಲ, ರಾಷ್ಟ್ರಪುರುಷನೆಂದು 1906ರಷ್ಟು ಹಿಂದೆಯೇ ವಾದಿಸಿದ್ದ ಟಿಳಕರು, ಅನ್ಯಭಾಷೆಯ ಜನರ ಅಭಿಮಾನವನ್ನು ಎಂದೂ ಅಲ್ಲಗಳೆದವರಲ್ಲ. ಪ್ರತಿಮೆಗೂ ವೃತ್ತಕ್ಕೂ ಹೆಸರು ಹಂಚಿಕೊಂಡ ಪೀರನವಾಡಿಯ ಜನರು ಈ ಸಂಗತಿಯನ್ನು ತಿಳಿದಿರುವುದು ಒಳ್ಳೆಯದು.

5. ಅಥಣಿಯ ತಕ್ಕಡಿ

ಮೂರನೆಯ ಲೋಕದ ಕಥೆ ಹಾಗಲ್ಲ. ಕೊಲ್ಹಾಪುರದ ಅರಸರಾದ ಶಾಹೂ ಮಹಾರಾಜರಿಗೆ ವೇದೋಕ್ತ ಕರ್ಮಗಳ ಅಧಿಕಾರವಿದೆಯೇ ಎಂಬ ವೇದೋಕ್ತ ಪ್ರಕರಣದಲ್ಲಿ ಅವರಿಗೆ ಪ್ರತಿಕೂಲವಾಗಿ ನಿಂತ ಕಾಲದಿಂದಲೂ ಟಿಳಕರ ಬಗೆಗೆ ಬ್ರಾಹ್ಮಣೇತರರಲ್ಲಿ ಶಂಕೆಯಿದ್ದಿತು. ಕೊಲ್ಹಾಪುರವು ಬೆಳಗಾವಿಯ ನೆರೆಯದೇ ಆದುದರಿಂದ ಆ ಶಂಕೆ ಇಲ್ಲಿಗೂ ಹಬ್ಬಿತು. ಆದರೂ 1916ರ ಡಿಸೆಂಬರಿನಲ್ಲಿ ಲಖನೌ ಕಾಂಗ್ರೆಸ್ಸಿನಲ್ಲಿ ಅವರು, ಸ್ವರಾಜ್ಯದ ಅಧಿಕಾರವು ಮುಸಲ್ಮಾನರ ಕೈಗೆ ಹೋಗಲಿ, ರಜಪೂತರ ಕೈಗೆ ಹೋಗಲಿ, ಹಿಂದುಳಿದವರ ಕೈಗೇ ಹೋಗಲಿ, ತಮಗೆ ಖೇದವಿಲ್ಲವೆಂದು ಸಾರಿದಾಗ, ಸಂದೇಹವು ಕರಗಲು ಒಂದು ಅವಕಾಶ ಒದಗಿದ್ದಿತು.

ಒಂದು ವರ್ಷ ಕಳೆಯುವುದರೊಳಗೆ ಆ ಅವಕಾಶವು ಕೈತಪ್ಪಿತು. ಹಂತಹಂತವಾಗಿ ಜವಾಬ್ದಾರಿ ಸರಕಾರವನ್ನು ಕೊಡುವುದಾಗಿ 1917ರ ಆಗಸ್ಟಿನಲ್ಲಿ ಬ್ರಿಟಿಷ್ ಸರಕಾರದ ಭಾರತಮಂತ್ರಿ ಮಾಂಟೆಗ್ಯೂ ಘೋಷಿಸಿದ ಮೇಲೆ, ಹೊಸ ಶಾಸನ ಕೌನ್ಸಿಲಿನಲ್ಲಿ ತಮಗೂ ಸ್ಥಾನಗಳಿರಬೇಕೆಂದು ಮರಾಠರೂ ಲಿಂಗಾಯತರೂ ಇತರರೂ ಕೇಳತೊಡಗಿದರು. ಆ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಅಥಣಿಯಲ್ಲಿ ಮಾತನಾಡುತ್ತ ಟಿಳಕರು, ಸಿಂಪಿಗನು ಕೌನ್ಸಿಲಿಗೆ ಹೋಗಿ ಹೊಲಿಗೆಯ ಯಂತ್ರವನ್ನು ತಿರುಗಿಸುವನೇ, ಒಕ್ಕಲಿಗನು ನೇಗಿಲನ್ನು ಹಿಡಿಯುವನೇ, ವಾಣಿಯು ತಕ್ಕಡಿಯನ್ನು ತೂಗುವನೇ ಎಂಬ ಅರ್ಥದಲ್ಲಿ ಅಪಹಾಸ್ಯ ಮಾಡಿದರು. ಭೇದವಿರುವುದು ಬ್ರಾಹ್ಮಣ-ಬ್ರಾಹ್ಮಣೇತರರಲ್ಲಿ ಅಲ್ಲ, ಕಲಿತವರಲ್ಲಿ ಮತ್ತು ಕಲಿಯದವರಲ್ಲಿ ಎಂಬುದು ಅವರ ಸಮರ್ಥನೆ. ಆದರೆ ತಮ್ಮ ಮಕ್ಕಳು ಕಲಿಯಲೆಂದು ಆಗಷ್ಟೆ ಸಂಸ್ಥೆ ಕಟ್ಟಿಕೊಂಡಿದ್ದ ಸೀಮೆಯಲ್ಲಿ ಆ ಸಮರ್ಥನೆಗೆ ಕಿವಿಗೊಡುವವರು ಎಷ್ಟು ಮಂದಿ? ತೇಲಿ-ತಾಂಬೋಳಿಗಳ ಪುಢಾರಿಯೆಂಬ ಮಾತನ್ನು ಬಿರುದಿನಂತೆ ಧರಿಸಿದ್ದವರು ತೇಲಿ-ತಾಂಬೋಳಿಗಳ ಸಾಲಿನವರನ್ನೇ ತಕ್ಕಡಿಗೆ ಮರಳಲು ಹೇಳಿದಂತಾಯಿತು. ಮರುವರ್ಷದ ಮಾರ್ಚಿನಲ್ಲಿ, ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಕೂಡಿಸಿದ ಅಸ್ಪೃಶ್ಯತಾನಿವಾರಣ ಪರಿಷತ್ತಿನಲ್ಲಿ, ಅಸ್ಪೃಶ್ಯತೆಯನ್ನು ಸಹಿಸುವ ದೇವರನ್ನು ದೇವರೆನ್ನಲಾರೆನೆಂದು ಟಿಳಕರು ಉದ್ಘೋಷಿಸಿದರು. ಆದರೆ ಅದನ್ನು ಸ್ವತಃ ಆಚರಣೆಯಲ್ಲಿ ಪಾಲಿಸುವೆನೆಂಬ ಪ್ರತಿಜ್ಞಾಪತ್ರಕ್ಕೆ ರುಜು ಹಾಕಲಿಲ್ಲ. ಸಭೆಯಲ್ಲಿ ಉದಾರ, ಕಾಗದದಲ್ಲಿ ಜಾಗರೂಕ ಎಂಬ ಭಾವನೆ ಜನರಲ್ಲಿ ನೆಲೆಯೂರಿತು.

1920ರ ಜುಲೈ ತಿಂಗಳ ಕೊನೆಯಲ್ಲಿ ಹುಬ್ಬಳ್ಳಿಯಲ್ಲಿ ಶಾಹೂ ಮಹಾರಾಜರ ಅಧ್ಯಕ್ಷತೆಯಲ್ಲಿ ಬ್ರಾಹ್ಮಣೇತರರ ಪರಿಷತ್ತು ನೆರೆಯಿತು. ಅದಾದ ಕೆಲವೇ ದಿನಗಳಲ್ಲಿ, ಆಗಸ್ಟ್ 1ರಂದು, ಟಿಳಕರು ಮುಂಬಯಿಯಲ್ಲಿ ಕಾಲವಾದರು.

6. ವ್ಯಕ್ತಿ ಹೋಗಿ ಬೇಡಿಕೆ ಉಳಿದುದು

ನಾಯಕನು ತೀರಿಹೋದ ಮೇಲೆ ಜನಾಭಿಪ್ರಾಯವೂ ಹಾಗೆಯೇ ಹೆಪ್ಪುಗಟ್ಟುತ್ತದೆಂಬುದು ಸಾಮಾನ್ಯವಾದ ಊಹೆ. ಬೆಳಗಾವಿಯಲ್ಲಿ ನಡೆದುದು ಅದಲ್ಲ. ಪುಣೆಯ ಶಿಷ್ಯರಲ್ಲಿ ಕೇಳಕರರಂಥವರು ಗುರುವಿನ ಹೆಸರಿನಲ್ಲಿ ಕೌನ್ಸಿಲ್ ಪ್ರವೇಶವನ್ನು ಸಮರ್ಥಿಸಿದರೆ, ಬೆಳಗಾವಿಯ ಗಂಗಾಧರರಾಯರು ಗಾಂಧಿಯವರ ಅಸಹಕಾರವನ್ನೂ ಖಾದಿಯನ್ನೂ ಹಿಡಿದರು. ಒಂದೇ ಗುರುವಿನ ಹೆಸರನ್ನು ಹೇಳಿಕೊಂಡು ಎರಡು ಹಾದಿಗಳು ಕವಲೊಡೆದುವು. 1920ರ ನಾಗಪುರ ಕಾಂಗ್ರೆಸ್ಸಿನಲ್ಲಿ ಭಾಷಾವಾರು ಪ್ರಾಂತಗಳ ತತ್ತ್ವವು ಅಂಗೀಕೃತವಾಗಿ ಕರ್ನಾಟಕಕ್ಕೆ ಸ್ವಂತ ಪ್ರಾಂತೀಯ ಸಮಿತಿ ದೊರೆಯಿತು. 1924ರ ಡಿಸೆಂಬರಿನಲ್ಲಿ ಗಾಂಧಿಯವರ ಅಧ್ಯಕ್ಷತೆಯ ಏಕಮಾತ್ರ ಕಾಂಗ್ರೆಸ್ ಅಧಿವೇಶನವು, ಗಂಗಾಧರರಾಯರು ಸ್ವಾಗತಾಧ್ಯಕ್ಷರಾಗಿ, ಟಿಳಕವಾಡಿಯ ಬಯಲಿನಲ್ಲಿ ‘ವಿಜಯನಗರ’ವೆಂಬ ಹೆಸರಿನಿಂದ ನಡೆಯಿತು. ಮರಾಠಿ ಮುಂದಾಳುವಿನ ಹೆಸರಿನ ನೆಲದ ಮೇಲೆ ಕನ್ನಡ ಸಾಮ್ರಾಜ್ಯದ ಹೆಸರಿನ ಬಿಡಾರವನ್ನು ಹೂಡಿದ ಈ ಕ್ರಮದಲ್ಲಿಯೇ ಎಂಟು ವರ್ಷಗಳ ಮನಃಪರಿವರ್ತನೆ ಅಡಗಿದೆ. ಆಗ ತೋಡಿದ ಕಾಂಗ್ರೆಸ್ ಬಾವಿ ಇಂದಿಗೂ ಅಲ್ಲಿದೆ.

ಅದೇ ಸಂದರ್ಭದಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಏಕೀಕರಣ ಸಮ್ಮೇಳನವೂ ನೆರೆಯಿತು. ಅದರ ಅಧ್ಯಕ್ಷಪೀಠದಲ್ಲಿ ಕುಳಿತವರು ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿಯವರು, ಬ್ರಾಹ್ಮಣೇತರ ಪಕ್ಷದ ಧುರೀಣರು, ಮುಂದೆ ಮುಂಬಯಿ ಪ್ರಾಂತದ ಮಂತ್ರಿಗಳಾದವರು. ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಪ್ರಮಾಣವಿಲ್ಲ. ಅಥಣಿಯ ಅಪಹಾಸ್ಯವನ್ನು ಕ್ಷಮಿಸದ ಪಕ್ಷವು, ಟಿಳಕರ ಕಾಲದಲ್ಲಿ ಮೊಳೆತ ಭಾಷಾಪ್ರಾಂತದ ಬೇಡಿಕೆಯನ್ನು ತನ್ನದನ್ನಾಗಿ ಮಾಡಿಕೊಂಡಿತು. ಅರ್ಥಾತ್, ಜನರು ನಾಯಕನನ್ನು ಇಡಿಯಾಗಿ ಸ್ವೀಕರಿಸಲೂ ಇಲ್ಲ, ಇಡಿಯಾಗಿ ತ್ಯಜಿಸಲೂ ಇಲ್ಲ. ಅವನು ಕೇಳಿದ ಹಕ್ಕನ್ನು ಹಿಡಿದು, ಆ ಹಕ್ಕಿಗೆ ಅವನು ಹಾಕಿದ ಬೇಲಿಯನ್ನು ಕಿತ್ತೊಗೆದರು.

7. ಉಪಸಂಹಾರ

ಮೇಲಣ ವಿಚಾರದಿಂದ ಸಿದ್ಧವಾಗುವುದಿಷ್ಟು: ಬೆಳಗಾವಿ ಸೀಮೆಯಲ್ಲಿ ಟಿಳಕರನ್ನು ಕುರಿತ ಅಭಿಪ್ರಾಯವು ಒಡೆದುದು ಆಂಗ್ಲರ ಆಳಿಕೆ ಬೇಕೋ ಬೇಡವೋ ಎಂಬ ಗೆರೆಯ ಮೇಲಲ್ಲ, ಕೌನ್ಸಿಲಿನಲ್ಲಿ ಕೂಡುವವರು ಯಾರು ಎಂಬ ಗೆರೆಯ ಮೇಲೆ. ಅಭಿಮಾನಿಗಳ ಭಕ್ತಿಯನ್ನಷ್ಟೇ ಬರೆದರೆ ಅಥಣಿ ಮರೆಯಾಗುತ್ತದೆ. ವಿರೋಧಿಗಳ ರೋಷವನ್ನಷ್ಟೇ ಬರೆದರೆ, ಕನ್ನಡದಲ್ಲಿ ಮಾತನಾಡಿರೆಂದ ಟಿಳಕರು ಮರೆಯಾಗುತ್ತಾರೆ. ‘ಲೋಕಮಾನ್ಯ’ ಎಂಬ ಬಿರುದು ಸುಳ್ಳಲ್ಲ. ಆದರೆ ಆ ಲೋಕವು ಮಾನ್ಯ ಮಾಡುವಾಗಲೂ ತೂಗಿ ನೋಡಿತು. ಕೌನ್ಸಿಲಿನಲ್ಲಿ ತಕ್ಕಡಿಗೇನು ಕೆಲಸವೆಂದು ಅವರು ಕೇಳಿದ್ದರು. ತಕ್ಕಡಿಯವರು ಅವರನ್ನೇ ತೂಗಿ ಉತ್ತರ ಕೊಟ್ಟರು.

ಪೀರನವಾಡಿಯ ನಾಕಾದಲ್ಲಿ ಪ್ರತಿಮೆಯೊಬ್ಬನದು, ಹೆಸರೊಬ್ಬರದು ಆಗಿರುವುದನ್ನು ಅರೆಮನಸ್ಸಿನ ರಾಜಿಯೆಂದು ಹಳಿಯುವವರಿದ್ದಾರೆ. ಆದರೆ ಈ ರಸ್ತೆಯ ಇನ್ನೊಂದು ತುದಿಯಲ್ಲಿ ಟಿಳಕರ ಹೆಸರಿನ ನೆಲದಲ್ಲಿ ವಿಜಯನಗರವನ್ನು ಕಟ್ಟಿ ಬಾವಿ ತೋಡಿದ ಜನರು, ಒಂದು ನೂರು ವರ್ಷಗಳ ಹಿಂದೆಯೇ ಇಂಥ ರಾಜಿಯನ್ನು ಮಾಡಿಕೊಂಡಿದ್ದರು. ಬಾವಿಯ ನೀರು ಸೇದಿದವರಲ್ಲಿ ಎರಡೂ ಭಾಷೆಯವರಿದ್ದರು.